ಬೆಳಗಾವಿ ಆಟೋನಗರದಾಗ ಅಂಬಾಸಿಡರ್ ಕಮಾನ್ ಕೆಲಸ: ಕೆಲಸಕ್ಕ 5ಕ್ಕ 5, ಟೈಮಿಗೆ 2

ನಮ್ಮಪ್ಪ ತಗೊಂಡಿದ್ದ 1984ರ ಮಾರ್ಕ್ 4 ಅಂಬಾಸಿಡರ್ ಇನ್ನೂ ಮನಿ ಮುಂದ ಐತಿ. ದಿನಾ ಓಡ್ಸಂಗಿಲ್ಲ, ಆದ್ರ ಸವದತ್ತಿ ಎಲ್ಲಮ್ಮಗ ಹೋಗೂದಂದ್ರ ಎಲ್ಲಾರಿಗೂ ಅದ ಗಾಡಿನ ಬೇಕು. ಎರಡ ವರ್ಷದಿಂದ ಹಿಂದ್ಗಡೆ ಕುಂತಬಿಟ್ಟಿತ್ತು ನೋಡ್ರಿ, ಹಿಂದಿನ ಸೀಟಿನ್ಯಾಗ ಮೂರ ಮಂದಿ ಕುಂತು ಡಿಕ್ಕ್ಯಾಗ ಒಂದ ಬುಟ್ಟಿ ಇಟ್ರ ಮುಗೀತು, ಪ್ರತಿ ಹಂಪಿಗೂ ಆಕ್ಸಲ್ ಹೋಗಿ ರಬ್ಬರ್ ಸ್ಟಾಪರಿಗೆ ದಡ್ ಅಂತ ಬಡೀತಿತ್ತು, ರಾತ್ರಿ ಹೆಡ್‌ಲೈಟ್ ರೋಡ್ ಬಿಟ್ಟು ಗಿಡದ ಮ್ಯಾಲೆ ಬೀಳ್ತಿತ್ತು. ಈ ಗಾಡಿಗೆ ಮುಂದ ಟಾರ್ಷನ್ ಬಾರ್ (ತಿರುಚಿಕೊಂಡು ಭಾರ ಹೊರೂ ಉಕ್ಕಿನ ಸಲಾಕಿ), ಕಮಾನ್ ಹಿಂದ ಅಷ್ಟ. ಕಮಾನ್ ಅಂದ್ರ ಬಾಗಿದ ಉಕ್ಕಿನ ಪಟ್ಟಿ ಒಂದರ ಮ್ಯಾಲೊಂದ ಜೋಡಿಸಿದ ಸ್ಪ್ರಿಂಗ್, ಒಂದೊಂದ ಪಟ್ಟಿಗೆ ಪಾಟಾ ಅಂತಾರ.

ಮೊದ್ಲ ಬ್ಯಾರೆ ಒಂದ್ ಗ್ಯಾರೇಜಿಗೆ ಹೋಗಿದ್ದೆ, ಹೆಸರ ಬ್ಯಾಡ. ಗಾಡಿ ಕೆಳಗ ಬಗ್ಗಿ ನೋಡಿದ್ದ ತಡ "ಒಂದ್ ಪಾಟಾ ಜಾಸ್ತಿ ಹಾಕಿಬಿಡೂಣ್ರಿ" ಅಂದ್ರು. ಹಾಕಿಸಿದೆ, ತಪ್ಪು ನಂದ. ಗಾಡಿ ಎತ್ತರ ಆತು ಖರೆ, ಆದ್ರ ಖಾಲಿ ಇದ್ದಾಗ ಲಾರಿ ಹಂಗ ಕುಣ್ಯಾಕ ಶುರು ಆತು, ಅವ್ವ "ನನ್ನ ಸೊಂಟ ಉಳ್ಯಾಂಗಿಲ್ಲಪ್ಪಾ, ನಾ ಬಸ್ಸಿಗೆ ಬರ್ತೇನಿ" ಅಂದ್ಳು. ದಣದಿದ್ದ ಹಳೆ ಪಾಟಾ ಹಂಗ ಇದ್ವಲ್ಲ, ಆರ ತಿಂಗಳಿಗೆ ಮತ್ತ ಕುಂತು.

ಆಮ್ಯಾಲೆ ಸಿಕ್ಕಿದ್ದು ಈ ಅಂಗಡಿ. ಬೋರ್ಡ್ ಇಲ್ಲ, ಮುಂದ ಲಾರಿ, ಟ್ರ್ಯಾಕ್ಟರ್ ಟ್ರೇಲರ್ ನಿಂತಿರ್ತಾವ. ಅಂಗಡಿ ಕಾಕಾ ಗಾಡಿ ಕೆಳಗ ಹೋಗ್ಲಿಲ್ಲ ಮೊದ್ಲ, ಸಪಾಟ ನೆಲದ ಮ್ಯಾಲೆ ನಿಲ್ಸಿ ಟೇಪ್ ಹಿಡದು ಗಾಲಿ ನಡುವಿಂದ ಮಡ್‌ಗಾರ್ಡ್ ತನಕ ಎರಡೂ ಕಡೆ ಅಳದ್ರು. ಡ್ರೈವರ್ ಸೈಡ್ ಒಂದೂವರೆ ಇಂಚ್ ಕೆಳಗ. "ಯಾಕೋ ತಮ್ಮಾ, ಇದಕ್ಕ ಈ ಪಾಟಾ ಯಾರ ಹಾಕಿದ್ರು?" ಅಂದ್ರು, ನಾ ಸುಮ್ಕ ನಿಂತೆ.

ಎರಡೂ ಸೆಟ್ ಬಿಚ್ಚಿ ನೆಲಕ್ಕ ಹಾಸಿದ ಮ್ಯಾಲೆ ಎಲ್ಲಾ ಕಾಣ್ತು. ಕಮಾನ್ ತುದಿ ಕಣ್ಣಿನ್ಯಾಗಿನ ಬುಶ್ ರಬ್ಬರ್ ಪುಡಿ, ಕಮಾನ್ ತುದಿನ ಗಾಡಿಗೆ ಜೋಡಸೂ ಶ್ಯಾಕಲ್ ಕೊಂಡಿ ಪಿನ್ನಿಗೆ ಉಗುರು ಇಟ್ರ ಸಿಗೂವಷ್ಟು ಸವದು ಹಳ್ಳ ಬಿದ್ದಿತ್ತು. ಕೆಳಗಿನ ಪಾಟಾದ ತುದಿ ಮ್ಯಾಲಿನದಕ್ಕ ತಿಕ್ಕಿ ತಿಕ್ಕಿ ಗೆರಿ ಮಾಡಿತ್ತು, ಅಲ್ಲೇ ಎರಡನೇ ಪಾಟಾ ಕ್ರ್ಯಾಕ್ ಆಗಿತ್ತು. ಅದೊಂದ ಪಾಟಾ ಅದ ಅಗಲ ಅದ ದಪ್ಪಂದು ಹೊಸಾದು ಕಡದು ಹಾಕಿದ್ರು, ಮೊದ್ಲಿನ ಗ್ಯಾರೇಜಿನವ್ರು ಹಾಕಿದ್ದ ಜಾಸ್ತಿ ಪಾಟಾ ತಗದು ಒಗದ್ರು. ಪೂರ್ತಿ ಹೊಸ ಸೆಟ್ ತರಸ್ತೇನಿ ಅಂದೆ, ಮೇನ್ ಪಾಟಾ ಗಟ್ಟಿ ಐತಿ, 2014ರಾಗ ಕಂಪನಿನ ಬಂದ್ ಮಾಡಿದ ಗಾಡಿಗೆ ಬರೂ ಹೊಸಾ ಮಾಲಿಗಿಂತ ಈ ಉಕ್ಕ ಛಲೋ ಅಂದ್ರು. ಇದು ವ್ಯಾಪಾರದ ಮಾತು ಅಲ್ಲ ಅಂತ ನನಗ ಅನಸ್ತು, ಯಾಕಂದ್ರ ಹೊಸಾ ಸೆಟ್ ಹಾಕಿದ್ರ ಅವರಿಗೇ ಲಾಭ.

ಉಳದ ಪಾಟಾ ಎಲ್ಲಾ ತಣ್ಣಗ ಇದ್ದಾಗನ ಬಗ್ಗಿಸಿದ್ರು. ನಡಕ ಹಳ್ಳ ಇದ್ದ ಕಬ್ಬಿಣದ ದಿಂಡಿನ ಮ್ಯಾಲೆ ಇಟ್ಟು ಸುತ್ತಿಗಿಲೆ ಇಂಚಿಗೊಂದ ಪೆಟ್ಟು, ಸ್ವಲ್ಪ ಸರಸಿ ಮತ್ತೊಂದ. ಭಟ್ಟ್ಯಾಗ ಯಾಕ ಕಾಸಂಗಿಲ್ಲ ಅಂತ ಕೇಳಿದೆ. ಕೆಂಪಗ ಕಾಸಿದ್ರ ಹದ ಹೋಗ್ತೈತಿ, ಆಮ್ಯಾಲೆ ಎಣ್ಣ್ಯಾಗ ಅದ್ದಿ ಮತ್ತೊಮ್ಮೆ ಹಗೂರಕ ಕಾಸಬೇಕು, ಬರೇ ಕಾಸಿ ಬಗ್ಗಿಸಿ ಕೊಡೂವ್ರ ಗಾಡಿ ತಿಂಗಳೊಪ್ಪತ್ತಿಗೆ ಮತ್ತ ಕುಂದ್ರತೈತಿ ಅಂದ್ರು. ಸಣ್ಣ ಪಾಟಾಕ್ಕ ದೊಡ್ಡದಕ್ಕಿಂತ ಜಾಸ್ತಿ ಬಾಗು ಕೊಟ್ಟಿದ್ರು, ಒಂದರ ಮ್ಯಾಲೊಂದ ಇಟ್ರ ನಡಕ ಸಂದಿ ಕಾಣ್ತಿತ್ತು, ಸೆಂಟರ್ ಬೋಲ್ಟ್ ಬಿಗಿ ಮಾಡಿದ್ಮ್ಯಾಲೆ ಆ ಸಂದಿ ಮುಚ್ಚಿ ಎಲ್ಲಾ ಒಂದಕ್ಕೊಂದ ಅಪ್ಕೊಂಡು ಕುಂತ್ವು. ಅದನ್ನ ನೋಡ್ಕೋತ ನಿಂತಾವಗ ಚಾ ಆರಿದ್ದ ಗೊತ್ತಾಗ್ಲಿಲ್ಲ.

ಕಮಾನ್‌ನ ಆಕ್ಸಲ್ಲಿಗೆ ಹಿಡದು ಬಿಗಿಯೂ ಯು ಬೋಲ್ಟ್ ಹೊಸಾವು. ಶ್ಯಾಕಲ್ ಬೋಲ್ಟ್ ಗಾಡಿ ನೆಲಕ್ಕ ಇಳಿಸಿ, ಭಾರ ಬಿದ್ದ ಮ್ಯಾಲೆನ ಕಡೀ ಬಿಗಿ ಮಾಡಿದ್ರು, ಜ್ಯಾಕ್ ಮ್ಯಾಲಿದ್ದಾಗ ಬಿಗಿದ್ರ ಬುಶ್ ತಿರುಚಿಕೊಂಡ ನಿಂತು ಹರೀತಾವಂತ. ಪಾಟಾ ನಡುವ ಗ್ರ್ಯಾಫೈಟ್ ಗ್ರೀಸ್ ಹಚ್ಚಿದ್ರು, ರಬ್ಬರಿಗೆ ಮಾತ್ರ ತಾಕಿಸ್ಲಿಲ್ಲ.

ಈಗ ಸಿಟ್ಟಿನ ಮಾತು. ಮಂಗಳವಾರ ಸಂಜಿಗೆ ಅಂದಾವ್ರು ಕೊಟ್ಟಿದ್ದು ಮುಂದಿನ ಸೋಮವಾರ. ಕಬ್ಬಿನ ಸೀಜನ್, ಟ್ರೇಲರ್ ಬಂತಂದ್ರ ನಮ್ಮ ಗಾಡಿ ಮೂಲಿಗೆ. ಫೋನ್ ಎತ್ತಂಗಿಲ್ಲ. ಬಿಲ್ ಕೇಳಿದ್ರ ಕ್ಯಾಲೆಂಡರ್ ಹಾಳಿ ಹಿಂದ ಬರದ ಕೊಟ್ರು, ಎಲ್ಲಾ ಸೇರಿ 6,200. ಗ್ಯಾರಂಟಿ ಅಂದ್ರ ನಕ್ರು, "ಐದ ಮಂದಿ ಕುಂದ್ರೂ ಗಾಡ್ಯಾಗ ಎಂಟ ಮಂದಿ ತುಂಬಿ ನನ್ನ ಕೇಳಬ್ಯಾಡ" ಅಂದ್ರು.

500 ಕಿಲೋಮೀಟರ್ ಆದ್ಮ್ಯಾಲೆ ಯು ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡ್ಸಾಕ ಬಾ ಅಂದಿದ್ರು, ಹೋದೆ, ಎಲ್ಲಾವೂ ಸ್ವಲ್ಪ ಸ್ವಲ್ಪ ತಿರಗಿದ್ವು, ರೊಕ್ಕ ತಗೊಳ್ಳಿಲ್ಲ. ಅದಕ್ಕಿಂತ ಮೊದ್ಲ ಸವದತ್ತಿಗೆ ಹೋಗಿ ಬಂದ್ವಿ. ದಡ್ ಅನ್ಲಿಲ್ಲ, ಅವ್ವ ಯರಗಟ್ಟಿ ದಾಟೂತನಕ ನಿದ್ದಿ ಮಾಡಿದ್ಳು.

ಹೋಗೂದಿದ್ರ ಮಳಿಗಾಲದಾಗ ಹೋಗ್ರಿ, ಟ್ರೇಲರ್ ಇರಂಗಿಲ್ಲ. ಬುಶ್ ನೀವ ಒಯ್ರಿ, ಅವರ ಕಡೆ ಅಂಬಾಸಿಡರ್‌ದು ಯಾವಾಗ್ಲೂ ಇರಂಗಿಲ್ಲ.