ಬಾಡಿಗೆಗೆ ಇಂಗ್ಲಿಷಿನಲ್ಲಿ ಯಾವುದು: ರೆಂಟ್, ಹೈರ್, ಲೀಸ್?

ಮೊದಲು ಅವಧಿ ನೋಡಿ. ತಿಂಗಳು ತಿಂಗಳು ಹಣ ಕಟ್ಟುವ ಮನೆಗೆ ರೆಂಟ್ ಸರಿ. ಒಂದೆರಡು ದಿನದ ಕಾರು, ಹಾಲ್, ಸೂಟಿಗೆ ಬ್ರಿಟನ್ನಿನಲ್ಲಿ ಹೈರ್ ಸಹಜ. ಅಮೆರಿಕದವರಿಗೆ ಬರೆಯುವಾಗ ಕಾರಿಗೂ ರೆಂಟ್ ಅನ್ನಿ. ಅಲ್ಲಿ ಹೈರ್ ಅಂದರೆ ಹೆಚ್ಚಾಗಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು.

ಜಾಸ್ತಿ ಎಚ್ಚರ ಬೇಕಾದದ್ದು ಲೀಸ್ ವಿಷಯದಲ್ಲಿ. ಬೆಂಗಳೂರಿನಲ್ಲಿ ಲೀಸ್ ಮನೆ ಅಂದರೆ ಭೋಗ್ಯ ಅಲ್ವಾ? ಒಟ್ಟಿಗೆ ದೊಡ್ಡ ಮೊತ್ತ ಕೊಡುತ್ತೇವೆ, ತಿಂಗಳ ಬಾಡಿಗೆ ಇಲ್ಲ, ಮನೆ ಬಿಡುವಾಗ ಹಣ ವಾಪಸ್. ಬ್ರಿಟನ್, ಅಮೆರಿಕದಲ್ಲಿ ಲೀಸ್ ಅಂದರೆ ಅವಧಿ ಬರೆದ ಕರಾರು. ಅದರಲ್ಲಿ ಸಾಮಾನ್ಯವಾಗಿ ತಿಂಗಳ ಬಾಡಿಗೆಯೂ ಇರುತ್ತದೆ. ಅಲ್ಲಿನವರಿಗೆ ಭೋಗ್ಯದ ಬಗ್ಗೆ ಬರೆಯುವಾಗ ಸುಮ್ನೆ ಲೀಸ್ ಅನ್ನಬೇಡಿ, ಏರ್ಪಾಡನ್ನು ಒಂದು ಸಾಲಿನಲ್ಲಿ ಬಿಡಿಸಿ ಹೇಳಿ.