ಸೋನಾ, ಕೆಂಪಕ್ಕಿ, ಕುಚ್ಚಲಕ್ಕಿ, ರೇಷನ್ ಅಕ್ಕಿ: ಯಾವುದರಲ್ಲಿ ಏನು ಸಿಗುತ್ತದೆ?

ಶಿವಮೊಗ್ಗದಲ್ಲಿ ಈಗ ಯಾರ ಮನೆಗೆ ಹೋದರೂ ಅಕ್ಕಿಯದೇ ಮಾತು. ಶುಗರ್ ಬಂತು ಅಂತ ಒಬ್ಬರು ಕೆಂಪಕ್ಕಿ ತರುತ್ತಾರೆ, ರಕ್ತ ಕಡಿಮೆ ಇದೆ ಅಂತ ಇನ್ನೊಬ್ಬರು ತರುತ್ತಾರೆ. ಈ ಎರಡನೆಯದರ ಬಗ್ಗೆ ನನ್ನ ತಕರಾರಿದೆ. ಅಕ್ಕಿ ಕೆಂಪಗಿದೆ ಅಂದ ಮಾತ್ರಕ್ಕೆ ಅದರಲ್ಲಿ ಕಬ್ಬಿಣ ತುಂಬಿರುತ್ತೆ ಅಂತೇನಿಲ್ಲ. ಆ ಬಣ್ಣ ಬರುವುದು ಹೊರಪದರದಲ್ಲಿರುವ ಬೇರೆಯದೇ ಸಸ್ಯದ ವರ್ಣದ್ರವ್ಯದಿಂದ.

ನಾಲ್ಕೂ ಅಕ್ಕಿಯನ್ನು ಒಂದೇ ಕುಕ್ಕರ್‌ನಲ್ಲಿ, ಒಂದೇ ತರದ ಸಾರು ಪಲ್ಯದ ಜೊತೆ ಸಾಕಷ್ಟು ಕಾಲ ಉಂಡು ನೋಡಿದ್ದೇನೆ. ರುಚಿ, ಹೊಟ್ಟೆ, ಗ್ಯಾಸ್ ಖರ್ಚು ಇವುಗಳ ಬಗ್ಗೆ ನಾನೇ ಹೇಳಬಲ್ಲೆ. ಖನಿಜಾಂಶ ನಾಲಿಗೆಗೆ ಗೊತ್ತಾಗಲ್ಲ ಅಲ್ವಾ, ಅದಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕದ ಅಂಕಿಗಳನ್ನೇ ಹಿಡಿದಿದ್ದೇನೆ. ಲೆಕ್ಕಕ್ಕೆ ಒಬ್ಬ ದೊಡ್ಡವರು ದಿನಕ್ಕೆ ಕಾಲು ಕೆಜಿ ಅಕ್ಕಿ ಉಣ್ಣುತ್ತಾರೆ ಅಂದುಕೊಳ್ಳಿ. ಮಲೆನಾಡಲ್ಲಿ ಬೆಳಿಗ್ಗೆ ಕಡುಬು ಅಥವಾ ರೊಟ್ಟಿ, ಎರಡು ಹೊತ್ತು ಅನ್ನ ಅಂದರೆ ಅಷ್ಟು ಆಗೇ ಆಗುತ್ತದೆ.

ಮೊದಲು ಪಾಲಿಶ್ ಮಾಡಿದ ಸೋನಾ ಮಸೂರಿ. ಮೂರು ವಿಷಲ್‌ಗೆ ಬೇಯುತ್ತದೆ, ಉದುರುದುರಾಗಿರುತ್ತದೆ, ಯಾವ ಸಾರಿಗೂ ಒಗ್ಗುತ್ತದೆ. ಪಾಲಿಶ್ ಅಕ್ಕಿಯಲ್ಲಿ 100 ಗ್ರಾಂಗೆ ಕಬ್ಬಿಣ ಸುಮಾರು 0.65 ಮಿಲಿಗ್ರಾಂ, ಮೆಗ್ನೀಸಿಯಂ ಸುಮಾರು 19 ಮಿಲಿಗ್ರಾಂ. ದಿನದ ಕಾಲು ಕೆಜಿಗೆ ಕಬ್ಬಿಣ ಒಂದೂವರೆ ಮಿಲಿಗ್ರಾಂ ಚಿಲ್ಲರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸು ಪ್ರಕಾರ ಗಂಡಸರಿಗೆ ದಿನಕ್ಕೆ ಬೇಕಾಗಿದ್ದು 19, ಹೆಂಗಸರಿಗೆ 29. ಎಲ್ಲಿಂದ ಎಲ್ಲಿಗೆ! ಅಕ್ಕಿಯಲ್ಲಿದ್ದ ಖನಿಜದಲ್ಲೂ ಒಂದು ಪಾಲು ಮಿಲ್‌ನಲ್ಲಿ ತೌಡಿನ ಜೊತೆ ಹೋಯಿತು. ಖನಿಜಗಳು ಜಾಸ್ತಿ ಇರುವುದು ಹೊರಪದರದಲ್ಲಿ ಮತ್ತು ಮೊಳಕೆಯ ಭಾಗದಲ್ಲಿ, ಅದನ್ನು ನಾವು ಉಜ್ಜಿ ತೆಗೆದು ದನಕ್ಕೆ ಹಾಕುತ್ತೇವೆ. ಕೊಟ್ಟಿಗೆಯಲ್ಲಿರುವ ಹಸು ನಮಗಿಂತ ಒಳ್ಳೆಯದನ್ನೇ ತಿನ್ನುತ್ತಿದೆ.

ಇನ್ನು ಕೆಂಪಕ್ಕಿ. ನಮ್ಮ ಕಡೆ ಹೆಚ್ಚಾಗಿ ಜ್ಯೋತಿ ಭತ್ತದ್ದು ಸಿಗುತ್ತದೆ. ಜ್ಯೋತಿಗೆ ಬೆಂಕಿ ರೋಗದ ಕಾಟ ಇದೆ ಅಂತ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದವರು ಅದನ್ನೇ ಇನ್ನೊಂದು ತಳಿಯ ಜೊತೆ ಸೇರಿಸಿ, ರೋಗ ತಡೆಯುವ ಸಹ್ಯಾದ್ರಿ ಮೇಘ ಅನ್ನುವ ಕೆಂಪಕ್ಕಿ ತಳಿ ಬಿಟ್ಟಿದ್ದಾರೆ. ತಳಿ ಯಾವುದಾದರೂ ಇರಲಿ, ಕೊಳ್ಳುವಾಗ ನೋಡಬೇಕಾದ್ದು ಪಾಲಿಶ್. ನಾಲ್ಕು ಕಾಳು ಅಂಗೈಯಲ್ಲಿ ಹಾಕಿಕೊಂಡು ಬೆಳಕಿಗೆ ಹಿಡಿಯಿರಿ. ಮೈಯೆಲ್ಲ ಕೆಂಪಾಗಿದ್ದು, ಮುರಿದರೆ ಒಳಗೆ ಬಿಳಿ ಕಂಡರೆ ಸರಿ. ಬಿಳಿ ಕಾಳಿನ ಮೇಲೆ ಅಲ್ಲಲ್ಲಿ ಕೆಂಪು ಗೀರು ಮಾತ್ರ ಉಳಿದಿದ್ದರೆ ಆ ಅಕ್ಕಿಯ ತೌಡು ಆಗಲೇ ಹೋಗಿದೆ. ಸುಮ್ನೆ ಕೆಂಪಕ್ಕಿ ರೇಟು ಕೊಟ್ಟು ಹೆಚ್ಚುಕಮ್ಮಿ ಬಿಳಿ ಅಕ್ಕಿಯನ್ನೇ ಮನೆಗೆ ತಂದಂತೆ.

ಪಾಲಿಶ್ ಮಾಡದ ಅಕ್ಕಿಯಲ್ಲಿ 100 ಗ್ರಾಂಗೆ ಕಬ್ಬಿಣ ಸುಮಾರು 1 ಮಿಲಿಗ್ರಾಂ. ಅಂದರೆ ದಿನಕ್ಕೆ ಎರಡೂವರೆ. ಸೋನಾಗಿಂತ ಹೆಚ್ಚು ಹೌದು, ಆದರೆ 29ರ ಮುಂದೆ ಇದೂ ಏನಲ್ಲ. ಜೊತೆಗೆ ಅದೇ ಹೊರಪದರದಲ್ಲಿ ಫೈಟೇಟ್ ಅನ್ನೋದು ಇರುತ್ತದೆ, ಕಬ್ಬಿಣ ಮತ್ತು ಸತುವನ್ನು ಕಟ್ಟಿಹಾಕಿ ಮೈಗೆ ಪೂರ್ತಿ ಸೇರದಂತೆ ಮಾಡುತ್ತದೆ. ಹಾಗಾಗಿ ರಕ್ತ ಕಡಿಮೆ ಅಂತ ಬರೀ ಕೆಂಪಕ್ಕಿ ನಂಬಿ ಕೂತವರನ್ನು ನೋಡಿದರೆ ನನಗೆ ಕಸಿವಿಸಿ. ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ಇದಕ್ಕೆ ಬರಬೇಡಿ.

ಕೆಂಪಕ್ಕಿಯ ನಿಜವಾದ ಲಾಭ ಮೆಗ್ನೀಸಿಯಂನಲ್ಲಿದೆ, ಅದರ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ಪಾಲಿಶ್ ಅಕ್ಕಿಯಲ್ಲಿ 19 ಇದ್ದದ್ದು ಇದರಲ್ಲಿ ಸುಮಾರು 94. ಕಾಲು ಕೆಜಿಗೆ ಲೆಕ್ಕ ಹಾಕಿದರೆ 48ರ ಬದಲು 235 ಮಿಲಿಗ್ರಾಂ. ದಿನಕ್ಕೆ ಬೇಕಾಗಿದ್ದು ಗಂಡಸರಿಗೆ 440, ಹೆಂಗಸರಿಗೆ 370. ಅರ್ಧಕ್ಕಿಂತ ಹೆಚ್ಚು ಅನ್ನದಲ್ಲೇ ಬಂದುಬಿಟ್ಟಿತು! ಹೊಟ್ಟೆಗೂ ಇದು ಒಳ್ಳೆಯದು: ಬೆಳಿಗ್ಗೆ ಸಲೀಸು, ಮಧ್ಯಾಹ್ನ ಉಂಡರೆ ಸಂಜೆಯವರೆಗೆ ಹಸಿವಿಲ್ಲ. ಆದರೆ ಕಷ್ಟಗಳೂ ಇವೆ. ಒಂದೆರಡು ಗಂಟೆ ನೆನೆಸದಿದ್ದರೆ ಬೇಯಲ್ಲ, ನೀರು ಮೂರು ಪಾಲು ಬೇಕು, ಗ್ಯಾಸ್ ಜಾಸ್ತಿ. ಮತ್ತೆ ಮಳೆಗಾಲ. ತೌಡಿನಲ್ಲಿ ಎಣ್ಣೆ ಅಂಶ ಇರುವುದರಿಂದ ಆರಿದ್ರೆ ಮಳೆ ಹಿಡಿಯುವ ಹೊತ್ತಿಗೆ ಡಬ್ಬಿ ತೆಗೆದರೆ ಕಮಟು ವಾಸನೆ, ಜೊತೆಗೆ ಹುಳ. ಮೂಟೆಗಟ್ಟಲೆ ತರುವ ಅಕ್ಕಿ ಇದಲ್ಲ, ತಿಂಗಳಿಗೆ ಎಷ್ಟು ಬೇಕೋ ಅಷ್ಟೇ ತನ್ನಿ.

ಕುಚ್ಚಲಕ್ಕಿ ವಿಷಯದಲ್ಲಿ ಘಟ್ಟದ ಕೆಳಗಿನವರು ನನ್ನ ಜೊತೆ ಜಗಳಕ್ಕೆ ಬರಬಹುದು. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿದಾಗ ಹೊರಗಿನ ಬಿ1 ವಿಟಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ, ಆಮೇಲೆ ಪಾಲಿಶ್ ಮಾಡಿದರೂ ಒಂದಷ್ಟು ಉಳಿಯುತ್ತದೆ. ಇದು ನಿಜ, ದೊಡ್ಡ ಗುಣವೇ. ಆದರೆ ಕಬ್ಬಿಣದ ಲೆಕ್ಕದಲ್ಲಿ ಪಾಲಿಶ್ ಆದ ಕುಚ್ಚಲಕ್ಕಿ ಸೋನಾ ಪಕ್ಕದಲ್ಲೇ ನಿಲ್ಲುತ್ತದೆ, ಅಂಥ ವ್ಯತ್ಯಾಸ ಏನಿಲ್ಲ. ಇನ್ನೊಂದು, ಇದನ್ನು ಬೇಕಾದಷ್ಟು ನೀರಲ್ಲಿ ಬೇಯಿಸಿ ಬಸಿಯುವುದು ರೂಢಿ, ಆ ತಿಳಿಯ ಜೊತೆ ಪೊಟ್ಯಾಸಿಯಂ ಮತ್ತು ಬಿ ವಿಟಮಿನ್‌ಗಳು ಹೋಗುತ್ತವೆ. ಬಸಿದು ಚೆಲ್ಲುವ ಬದಲು ಗಂಜಿ ಮಾಡಿ ತಿಳಿ ಸಮೇತ ಉಣ್ಣುವುದು ವಾಸಿ. ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ರಾತ್ರಿ ಹೊತ್ತು ಬಿಸಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಇದ್ದರೆ ಖನಿಜದ ಲೆಕ್ಕ ಯಾರಿಗೆ ಬೇಕು, ಅದು ಬೇರೆ ಮಾತು.

ಕೊನೆಗೆ ರೇಷನ್ ಅಕ್ಕಿ. ನಾನು ಉಂಡು ನೋಡಿದ್ದು ರೇಷನ್‌ನಲ್ಲಿ ಬಂದ ಸಾರವರ್ಧಿತ ಅಕ್ಕಿ, ಎಲ್ಲ ಕಾಲಕ್ಕೂ ಅದೇ ಬರುತ್ತದೆ ಅಂತೇನಿಲ್ಲ. ಇದನ್ನು ಕಂಡರೆ ಜನಕ್ಕೆ ಏನು ಅಸಡ್ಡೆ! ಮೊರದಲ್ಲಿ ಹರಡಿದರೆ ನೂರಕ್ಕೆ ಒಂದರಂತೆ ಸ್ವಲ್ಪ ಹಳದಿ ಛಾಯೆಯ, ನುಣುಪಾದ ಕಾಳು ಕಾಣುತ್ತದೆ. ನಮ್ಮ ಬೀದಿಯಲ್ಲೇ ಇದು ಪ್ಲಾಸ್ಟಿಕ್ ಅಕ್ಕಿ ಅಂತ ಒಂದೊಂದೇ ಆರಿಸಿ ಎಸೆಯುವವರಿದ್ದಾರೆ. ಅದು ಅಕ್ಕಿ ಹಿಟ್ಟೇ ಕಣ್ರೀ. ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತಿ, ಮಾಮೂಲಿ ಅಕ್ಕಿಗೆ ಬೆರೆಸುತ್ತಾರೆ. ನಿಯಮದ ಪ್ರಕಾರ ಒಂದು ಕೆಜಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು. ಕಾಲು ಕೆಜಿಗೆ 7ರಿಂದ 10 ಮಿಲಿಗ್ರಾಂ ಆಯಿತು. ದುಬಾರಿ ಕೆಂಪಕ್ಕಿ ಕೊಡುವುದರ ಮೂರು ಪಟ್ಟು, ಅದೂ ಪುಕ್ಕಟೆ ಅಕ್ಕಿಯಲ್ಲಿ! ಆ ಕಾಳನ್ನೇ ಆರಿಸಿ ಎಸೆದರೆ ಎಲ್ಲ ಕೈಬಿಟ್ಟಂತೆ.

ಅನ್ನಕ್ಕೆ ನನಗೆ ಇದು ಅಷ್ಟು ಹಿಡಿಸಲಿಲ್ಲ, ಸ್ವಲ್ಪ ಮುದ್ದೆಯಾಗುತ್ತದೆ, ಒಂದೊಂದು ಚೀಲ ಹಳೇ ವಾಸನೆಯೂ ಬರುತ್ತದೆ. ಕಡುಬಿಗೆ, ದೋಸೆಗೆ ಮಾತ್ರ ಚೆನ್ನಾಗಿ ಆಗುತ್ತದೆ. ಉದ್ದಿನ ಜೊತೆ ರುಬ್ಬಿ ಹುಳಿ ಬರಿಸಿದರೆ ಫೈಟೇಟ್ ಕೂಡ ಕಡಿಮೆಯಾಗುತ್ತದೆ, ಹಾಗಾಗಿ ಕಬ್ಬಿಣಕ್ಕೂ ಅನುಕೂಲ.

ಸತು ಮತ್ತು ಕ್ಯಾಲ್ಸಿಯಂ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಕ್ಯಾಲ್ಸಿಯಂಗೆ ಯಾವ ಅಕ್ಕಿಯನ್ನೂ ನಂಬಬೇಡಿ, 100 ಗ್ರಾಂಗೆ ಏಳರಿಂದ ಹನ್ನೊಂದು ಮಿಲಿಗ್ರಾಂ ಅಷ್ಟೆ. ಬಯಲುಸೀಮೆಯವರ ರಾಗಿಯಲ್ಲಿ ಅದೇ 360ರ ಮೇಲಿದೆ. ಸತು ಪಾಲಿಶ್ ಅಕ್ಕಿಯಲ್ಲೂ ಒಂದಿಷ್ಟು ಉಳಿಯುತ್ತದೆ, ಕಾಲು ಕೆಜಿಗೆ ಮೂರು ಮಿಲಿಗ್ರಾಂ ಹತ್ತಿರ.

ಇದೆಲ್ಲ ಉಂಡು ನೋಡಿದ ಮೇಲೆ ನನಗನಿಸಿದ್ದು, ಕಬ್ಬಿಣಕ್ಕೆ ಅಕ್ಕಿ ಬದಲಿಸುವುದಕ್ಕಿಂತ ಅನ್ನದ ಪಕ್ಕ ಏನಿದೆ ಅನ್ನೋದೇ ಮುಖ್ಯ. ಹುರುಳಿ ಸಾರು ಮಾಡಿ, ಹುರುಳಿಯಲ್ಲಿ 100 ಗ್ರಾಂಗೆ 8 ಮಿಲಿಗ್ರಾಂಗೂ ಮೇಲೆ ಕಬ್ಬಿಣ ಇದೆ. ಜೊತೆಗೆ ಹಸಿ ನೆಲ್ಲಿಕಾಯಿ ತಂಬುಳಿಯೋ, ಹಿಂಡಿದ ನಿಂಬೆಯೋ ಇದ್ದರೆ ಅದರ ಸಿ ವಿಟಮಿನ್ ಕಬ್ಬಿಣವನ್ನು ಮೈಗೆ ಸೇರಿಸುತ್ತದೆ. ಕೈ ತೊಳೆದ ತಕ್ಷಣ ಕಾಫಿ ಲೋಟ ಹಿಡಿಯುವ ನಮ್ಮ ಅಭ್ಯಾಸ ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ, ಒಂದು ಗಂಟೆ ತಡೆದು ಕುಡಿಯಿರಿ.

ಈಗ ನಮ್ಮ ಮನೆಯಲ್ಲಿ ಮಧ್ಯಾಹ್ನಕ್ಕೆ ಪಾಲಿಶ್ ಇಲ್ಲದ ಕೆಂಪಕ್ಕಿ, ದೋಸೆ ಕಡುಬಿಗೆ ರೇಷನ್ ಅಕ್ಕಿ, ಮಳೆಗಾಲದ ಗಂಜಿಗೆ ಕುಚ್ಚಲಕ್ಕಿ. ಸೋನಾ ನೆಂಟರು ಬಂದಾಗ ಮಾತ್ರ. ಒಂದು ಮಾತು ಮಾತ್ರ ಹೇಳಲೇಬೇಕು: ಕಿಡ್ನಿ ತೊಂದರೆ ಇರುವವರಿಗೆ ಕೆಂಪಕ್ಕಿಯ ಹೆಚ್ಚಿನ ಪೊಟ್ಯಾಸಿಯಂ, ರಂಜಕ ಒಗ್ಗದಿರಬಹುದು, ಥಲಸ್ಸೀಮಿಯಾ ಅನ್ನುವ ಆನುವಂಶಿಕ ರಕ್ತದ ಕಾಯಿಲೆ ಇರುವವರು ಸಾರವರ್ಧಿತ ಅಕ್ಕಿಯ ಬಗ್ಗೆ ಎಚ್ಚರ ವಹಿಸಬೇಕು. ಅಂಥವರು ಡಾಕ್ಟರನ್ನು ಕೇಳಿಯೇ ಅಕ್ಕಿ ಬದಲಿಸಿ.