ಮಿಡಿ ವುಡ್ ಲೇತ್: ಅಡಿಕೆ ದಬ್ಬೆ, ಬೈನೆ, ಹಲಸು ಕಡೆದು ನೋಡಿದ ಮೇಲೆ

ಸಿಲ್ವರ್ ಓಕ್‌ನಂಥ ಮೆತ್ತನೆ ಮರದ ಮೇಲೆ ಯಾವ ಲೇತ್ (ಮರದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಆದರೂ ಚೆನ್ನಾಗೇ ಓಡುತ್ತದೆ. ಅದನ್ನು ನೋಡಿ ವಿಮರ್ಶೆ ಬರೆದರೆ ಯಾರಿಗೂ ಉಪಯೋಗವಿಲ್ಲ. ತೀರ್ಥಹಳ್ಳಿ ಕಡೆಯ ಮಳೆಗಾಲ ದಾಟಲಿ, ನಮ್ಮ ತೋಟದಲ್ಲಿ ಬೀಳುವ ಮರಗಳನ್ನೇ ಈ ಮಧ್ಯಮ ಗಾತ್ರದ ಮಿಡಿ ಲೇತ್ ಮೇಲೆ ಏರಿಸಿ ನೋಡೋಣ ಅಂತ ಇಷ್ಟು ದಿನ ಕಾದೆ. ಈಗ ಧೈರ್ಯವಾಗಿ ಹೇಳುತ್ತೇನೆ: ಯಂತ್ರ ಒಳ್ಳೆಯದು. ಆದರೆ ಇದರ ಜೊತೆಗೆ ಉಳಿ ಹರಿತ ಮಾಡುವ ಒಂದು ಗ್ರೈಂಡರ್ ಕೊಳ್ಳಲು ದುಡ್ಡಿಲ್ಲದಿದ್ದರೆ ಸದ್ಯಕ್ಕೆ ಲೇತ್ ಕೂಡ ಬೇಡ.

ಅಳತೆ ಹೇಳಿಬಿಡುತ್ತೇನೆ. 12 ಇಂಚು ಸ್ವಿಂಗ್ (ತಿರುಗಿಸಬಹುದಾದ ತುಂಡಿನ ಗರಿಷ್ಠ ವ್ಯಾಸ), ಸೆಂಟರ್‌ಗಳ ನಡುವೆ 18 ಇಂಚು (ತುಂಡಿನ ಗರಿಷ್ಠ ಉದ್ದ), ಒಂದು ಎಚ್‌ಪಿ ಮೋಟರ್. ಬೆಲ್ಟ್‌ಗೆ ಮೂರು ಹಂತ, ಅದರ ಮೇಲೆ ವೇಗ ಬದಲಿಸುವ ಗುಂಡಿ. ವೇಗ ನಿಮಿಷಕ್ಕೆ 250 ಸುತ್ತಿನವರೆಗೂ ಇಳಿಯುತ್ತದೆ. ನಾನು ಇದನ್ನೇ ಆರಿಸಿದ್ದು ಆ 250ಕ್ಕಾಗಿ. ಎಷ್ಟೋ ಚಿಕ್ಕ ಲೇತ್‌ಗಳು 500ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಕೊಡಲಿಯಲ್ಲಿ ಕೆತ್ತಿ ಸುಮಾರಾಗಿ ಗುಂಡಗೆ ಮಾಡಿದ ಹಲಸಿನ ತುಂಡನ್ನು 500ರಲ್ಲಿ ತಿರುಗಿಸಿದರೆ ಟೇಬಲ್ಲೇ ನಡೆಯಲು ಶುರು ಮಾಡುತ್ತದೆ.

ಕಡೆಯುವವರಲ್ಲಿ ಒಂದು ಲೆಕ್ಕ ಇದೆ. ತುಂಡಿನ ವ್ಯಾಸವನ್ನು ಇಂಚಿನಲ್ಲಿ ಹಿಡಿದು ವೇಗದಿಂದ ಗುಣಿಸಿ. ಉತ್ತರ 6000ದಿಂದ 9000ದ ಒಳಗೆ ಇರಬೇಕು. ಅಂದರೆ 10 ಇಂಚಿನ ಬಟ್ಟಲಿಗೆ 600ರಿಂದ 900. ಅದೂ ತುಂಡು ಸಮತೂಕಕ್ಕೆ ಬಂದ ಮೇಲೆ. ಅಲ್ಲಿಯವರೆಗೆ ಇನ್ನೂ ನಿಧಾನ. ಇನ್ನೊಂದು ವಿಷಯ. ವೇಗ ಇಳಿಸಬೇಕಾದಾಗ ಸುಮ್ನೆ ಗುಂಡಿ ತಿರುಗಿಸಿದರೆ ಮೋಟರ್‌ನ ಶಕ್ತಿಯೂ ಇಳಿದು, ಉಳಿ ಒತ್ತಿದ ಕೂಡಲೇ ನಿಂತುಬಿಡುತ್ತದೆ. ಬೆಲ್ಟನ್ನೇ ಕೆಳ ಹಂತಕ್ಕೆ ಹಾಕಿ. ಒಂದೇ ನಿಮಿಷದ ಕೆಲಸ, ವ್ಯತ್ಯಾಸ ಮಾತ್ರ ತುಂಬಾ ಜಾಸ್ತಿ.

ಈಗ ಮರಗಳ ವಿಷಯ. ಚನ್ನಪಟ್ಟಣದ ಗೊಂಬೆ ಕೆಲಸಕ್ಕೆ ಹಾಲೆ ಮರ ಬಳಸುತ್ತಾರೆ. ಬಿಳಿ, ನಯ, ಎಲ್ಲಾ ಕಡೆ ಒಂದೇ ಹದ. ಕಲಿಯಲು ಅದಕ್ಕಿಂತ ಒಳ್ಳೆಯ ಮರ ಬೇಡ. ನಮ್ಮಲ್ಲಿ ಸುಲಭವಾಗಿ ಸಿಗುವುದು ಅಡಿಕೆ ಮರ. ಅದರ ಸ್ವಭಾವವೇ ಬೇರೆ. ಅದಕ್ಕೆ ವರ್ಷದ ಉಂಗುರಗಳಿಲ್ಲ. ಹೊರಗೆ ಕಬ್ಬಿಣದಂಥ ನಾರು, ಒಳಗೆ ಸ್ಪಂಜಿನಂಥ ತಿರುಳು. ಹಾಗಾಗಿ ಇಡೀ ಕಾಂಡ ಕಡೆಯಲು ಆಗದು. ಬುಡದ ಕಡೆಯ ದಪ್ಪ ದಬ್ಬೆ ಸೀಳಿ, ಅದರಿಂದ ಉಳಿಯ ಹಿಡಿ, ಪೆನ್ನು ಮಾಡಬಹುದು. ಪಾಲಿಶ್ ಆದ ಮೇಲೆ ಕಂದು ಬಣ್ಣದ ಮೇಲೆ ಕಪ್ಪು ಗೆರೆಗಳು ಓಡುತ್ತವೆ, ನಿಜಕ್ಕೂ ಚೆಂದ.

ಆದರೆ ಅಲ್ಲಿಗೆ ಮುಟ್ಟುವುದು ಕಷ್ಟ. ಉಳಿ ಸ್ವಲ್ಪ ಮೊಂಡಾದರೂ ನಾರು ಕತ್ತರಿಸುವುದಿಲ್ಲ, ಕಿತ್ತು ಬರುತ್ತದೆ. ಅಡಿಕೆಯಂಥ ತಾಳೆ ಜಾತಿಯ ಮರಗಳ ಒಳಗೆ ಸಿಲಿಕಾ ಕಣಗಳಿವೆ, ಅವು ಉಕ್ಕಿನ ಮೊನೆಯನ್ನು ತಿಂದುಹಾಕುತ್ತವೆ. ಯಂತ್ರದ ಜೊತೆ ಬಂದ ಉಳಿಗಳು ಹೈಸ್ಪೀಡ್ ಸ್ಟೀಲ್‌ನವೇ, ಗುಣ ಪರವಾಗಿಲ್ಲ. ಆದರೂ ದಬ್ಬೆ ಕಡೆಯುವಾಗ ಕೆಲವೇ ನಿಮಿಷಕ್ಕೊಮ್ಮೆ ಗ್ರೈಂಡರ್ ಹತ್ತಿರ ಹೋಗಲೇಬೇಕು. ಗ್ರೈಂಡರ್ ಮಾತು ಮೊದಲೇ ಎತ್ತಿದ್ದು ಇದಕ್ಕೇ. ಕಾರ್ಬೈಡ್ ತುದಿಯ ಉಳಿ ಹೆಚ್ಚು ಹೊತ್ತು ತಾಳುತ್ತದೆ, ಆದರೆ ಅದನ್ನು ನೇರವಾಗಿ ಒತ್ತಿದರೆ ಮೇಲ್ಮೈ ಒರಟು. ಸ್ಕ್ಯೂ ಉಳಿಯನ್ನು (ಓರೆ ಬಾಯಿಯ ಚಪ್ಪಟೆ ಉಳಿ) ಓರೆಯಾಗಿ ಹಿಡಿದು, ತೆಳ್ಳಗೆ ಹೆರೆಯಬೇಕು. ಕೊನೆಯ ಸಲ ಹೆರೆಯುವ ಮುಂಚೆ ತೆಳು ಸೂಪರ್‌ಗ್ಲೂ ಹರಿಸಿ ಒಣಗಿಸಿದರೆ ನಾರು ಮತ್ತು ತಿರುಳು ಒಟ್ಟಿಗೆ ನಿಲ್ಲುತ್ತವೆ. ದಪ್ಪ ಸ್ಯಾಂಡ್‌ಪೇಪರ್ ಬೇಡವೇ ಬೇಡ. ಅದು ಮೆತ್ತನೆ ಭಾಗವನ್ನು ಮಾತ್ರ ತಿಂದು ನಾರನ್ನು ಏಣಾಗಿ ಬಿಡುತ್ತದೆ. 180 ನಂಬರ್ ಪೇಪರ್‌ನಿಂದ ಶುರು ಮಾಡಿ, ಕೊನೆಯಲ್ಲಿ ಯಂತ್ರ ನಿಲ್ಲಿಸಿ ಉದ್ದಕ್ಕೆ ಉಜ್ಜಿ.

ತಾಳೆ ಜಾತಿಯದೇ ಆದ ಬೈನೆ ಮರ ಇನ್ನೂ ಗಟ್ಟಿ. ಹಿಂದಿನವರು ಒನಕೆಗೆ ಅದನ್ನು ಬಳಸುತ್ತಿದ್ದದ್ದು ಯಾಕೆ ಅಂತ ಒಮ್ಮೆ ಕಡೆದರೆ ಗೊತ್ತಾಗುತ್ತದೆ. ಅದರ ಕರಿ ಸಿಬಿರು ಚರ್ಮದೊಳಗೆ ಹೋದರೆ ತೆಗೆಯುವುದು ಕಷ್ಟ. ಹಾಗಂತ ಕೈಗವಸು ಹಾಕಬೇಡಿ. ತಿರುಗುವ ಯಂತ್ರದ ಹತ್ತಿರ ಕೈಗವಸು, ಹೆಗಲ ಮೇಲಿನ ಬೈರಾಸು, ಇಳಿಬಿದ್ದ ಲುಂಗಿ ಯಾವುದೂ ಇರಕೂಡದು. ಮುಖಕ್ಕೆ ಪೂರ್ತಿ ಶೀಲ್ಡ್, ಮೂಗಿಗೆ ಧೂಳಿನ ಮಾಸ್ಕ್ ಹಾಕಿ. ಹೊಳಗೇರು ಮರವನ್ನಂತೂ ಮುಟ್ಟಲೇಬೇಡಿ. ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಹೊಸಬರಿಗೆ ಹೇಳಿಡಿ.

ಹಲಸು ನನಗೆ ಅತಿ ಇಷ್ಟ. ಹಸಿ ಇದ್ದಾಗ ಮೇಣ ಅಂಟುತ್ತದೆ, ಉಳಿಗೆ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಹಸಿಯಲ್ಲೇ ಬಟ್ಟಲು ಕಡೆಯಿರಿ, ಆದರೆ ಗೋಡೆಯನ್ನು ವ್ಯಾಸದ ಹತ್ತರಲ್ಲೊಂದು ಭಾಗ ದಪ್ಪ ಬಿಡಿ. 10 ಇಂಚಿಗೆ ಒಂದು ಇಂಚು. ಒಣಗುವಾಗ ಅದು ಸೊಟ್ಟಗಾಗುತ್ತದೆ, ಆಮೇಲೆ ಮತ್ತೆ ಕಡೆದು ಗುಂಡಗೆ ಮಾಡಲು ಆ ದಪ್ಪ ಬೇಕು. ಬಯಲುಸೀಮೆಯವರ ಲೆಕ್ಕದಲ್ಲಿ ಒಣಗುವ ಕಾಲ ಹಿಡಿಯಬೇಡಿ. ಆಗುಂಬೆ ಮಳೆ ಶುರುವಾದರೆ ಒಣಗುವುದಿರಲಿ, ಬೂಸ್ಟು ಹಿಡಿಯುತ್ತದೆ. ಮೊದಲು ಪೇಪರ್ ಚೀಲದಲ್ಲಿಟ್ಟು ನಿಧಾನವಾಗಿ ಒಣಗಿಸಿ, ಆಮೇಲೆ ಒಲೆ ಮೇಲಿನ ಅಟ್ಟಕ್ಕೆ ಏರಿಸಿ. ಮೊದಲ ದಿನವೇ ಅಟ್ಟಕ್ಕೆ ಹಾಕಿದರೆ ಸೀಳುತ್ತದೆ. ಹೊಸದರಲ್ಲಿ ಹಳದಿ ಇರುವ ಬಟ್ಟಲು ಬೆಳಕಿಗೆ ಬರಬರುತ್ತಾ ಕಂದಾಗುತ್ತದೆ.

ಯಂತ್ರದ ಕೊರತೆಗಳನ್ನೂ ಹೇಳಬೇಕು. ಮಳೆಗಾಲದಲ್ಲಿ ವೇಗದ ಕಂಟ್ರೋಲ್ ಬೋರ್ಡ್ ಕೆಟ್ಟಿತು. ಹೊಸದು ಬರುವ ತನಕ ಲೇತ್ ಸುಮ್ಮನೆ ಕೂತಿತ್ತು. ಮಾರಿದವರು ಫೋನ್ ಎತ್ತುತ್ತಿದ್ದರು, ಆದರೆ ಅವರ ಹತ್ತಿರ ಸ್ಟಾಕ್ ಇರಲಿಲ್ಲ. ದುಡ್ಡು ತೆಗೆದುಕೊಂಡ ಮೇಲೆ ಇದು ಸರಿಯಲ್ಲ ಅಲ್ವಾ? ವೋಲ್ಟೇಜ್ ಏರಿಳಿತ ಇರುವ ಹಳ್ಳಿಯಾದರೆ ಸ್ಟೆಬಿಲೈಸರ್ ಇರಲಿ. ಯಂತ್ರದ ತಳದ ಹಳಿ, ಅಂದರೆ ಬೆಡ್, ಬೀಡುಕಬ್ಬಿಣದ್ದು, ಹಸಿ ಹೆರೆ ಒಂದು ರಾತ್ರಿ ಮೇಲೆ ಬಿದ್ದಿದ್ದರೂ ತುಕ್ಕು. ದಿನವೂ ಗುಡಿಸಿ, ಎಣ್ಣೆ ಒರೆಸಿ, ಹತ್ತಿ ಬಟ್ಟೆ ಮುಚ್ಚಿ. ಪ್ಲಾಸ್ಟಿಕ್ ಮುಚ್ಚಿದರೆ ಒಳಗೇ ತೇವ ನಿಲ್ಲುತ್ತದೆ.

ಉಳಿಗೆ ಆಸರೆ ಕೊಡುವ ಟೂಲ್ ರೆಸ್ಟ್‌ನ ಹಿಡಿ ಆಗಾಗ ಸಡಿಲವಾಗುತ್ತದೆ, ಪ್ರತಿ ಸಲ ಬಿಗಿ ನೋಡಿಕೊಳ್ಳಿ. ತುಂಡನ್ನು ಕಚ್ಚಿ ಹಿಡಿಯುವ ಚಕ್ ಯಂತ್ರದ ಜೊತೆಗೆ ಬರುವುದಿಲ್ಲ. ಚಕ್ ಕೂರಿಸುವ ತಿರುಗು ದಂಡದ, ಅಂದರೆ ಸ್ಪಿಂಡಲ್‌ನ, ಥ್ರೆಡ್ ಇದರಲ್ಲಿ ಒಂದು ಇಂಚು, ಇಂಚಿಗೆ 8 ಸುತ್ತು. ಚಕ್ ತರಿಸುವ ಮುಂಚೆ ಅದನ್ನೇ ಕೇಳಿ ತರಿಸಿ.